ಉಗಿಬಂಡಿಗಾಗಿ ಕಾದ ಧರ್ಮಗುರು

ಶರಾವತಿಯ ನಡುಗಡ್ಡೆಯಾದ ಮಾವಿನಕುರ್ವೆಯವರಿಗೆ ಹೊನ್ನಾವರದ ಹಳಿಯ ಮೇಲೆ ಉಗಿಬಂಡಿಯನ್ನು ಕಾಣುವ ಯೋಗವೊದಗಲಿಲ್ಲ. ಕೊಂಕಣ ರೈಲುಮಾರ್ಗವು 1998ರಲ್ಲಿ ಪೂರ್ಣವಾಗಿ ತೆರೆಯುವ ಹೊತ್ತಿಗೆ ಹಬೆಯ ಕಾಲ ಸಂದುಹೋಗಿತ್ತು. ಆ ಕಾಲವನ್ನು ಛಾಯಾಚಿತ್ರಗಳಲ್ಲಿ ಉಳಿಸಿದವರಲ್ಲಿ ಇಂಗ್ಲೆಂಡಿನ ಎರಿಕ್ ಟ್ರೇಸಿಯವರು ಪ್ರಮುಖರು.

1907ರಲ್ಲಿ ಲಂಡನ್ನಿನಲ್ಲಿ ಜನಿಸಿದ ಟ್ರೇಸಿಯವರು ಪಾದ್ರಿಯಾಗಿ ಲಿವರ್‌ಪೂಲನ್ನು ಸೇರಿದರು. ಎಡ್ಜ್ ಹಿಲ್ ಎಂಬ ಅವರ ಸಭೆಯ ಪ್ರದೇಶದಲ್ಲಿ ರೈಲ್ವೆ ಕಾರ್ಮಿಕರು ಬಹುಮಂದಿ. ಎಂಜಿನ್ನಿನ ಚಾಲಕರೊಡನೆಯೂ ಕಲ್ಲಿದ್ದಲು ತುಂಬುವವರೊಡನೆಯೂ ಸ್ನೇಹ ಬೆಳೆಯಿತು. ಕ್ಯಾಮೆರಾ ಅವರ ಸಂಗಾತಿಯಾಯಿತು. ಯುದ್ಧಕಾಲದಲ್ಲಿ ಸೈನ್ಯದ ಧರ್ಮಗುರುವಾಗಿದ್ದು, ಬಳಿಕ ಯಾರ್ಕ್‌ಷೈರಿನಲ್ಲಿ ಮೇಲಿಂದ ಮೇಲೆ ಉನ್ನತ ಪದವಿಗಳನ್ನು ಪಡೆದರು. 1968ರಲ್ಲಿ ಅವರು ವೇಕ್‌ಫೀಲ್ಡಿನ ಬಿಷಪ್ಪರಾದರು. ಅದೇ ವರ್ಷ ಬ್ರಿಟಿಷ್ ರೈಲ್ವೆ ಉಗಿಬಂಡಿಗಳ ನಿತ್ಯಸಂಚಾರವನ್ನು ನಿಲ್ಲಿಸಿತು. ಒಲವಿನ ವಸ್ತು ಕಣ್ಮರೆಯಾದರೂ ಒಲವು ಮಾಸಲಿಲ್ಲ.

1976ರಲ್ಲಿ ನಿವೃತ್ತರಾದರು. ಬ್ರಿಟಿಷ್ ರೈಲ್ವೆಗಾಗಿ 1960ರಲ್ಲಿ ನಿರ್ಮಾಣಗೊಂಡ ಕೊನೆಯ ಉಗಿ ಎಂಜಿನ್ನು 'ಈವ್ನಿಂಗ್ ಸ್ಟಾರ್'. ಸೇವೆಯಿಂದ ಕಳಚಿದರೂ ಜೋಪಾನವಾಗಿ ಉಳಿದು ಮತ್ತೆ ಓಡುತ್ತಿತ್ತು. 1978ರ ಮೇ 13ರಂದು ಅದರ ಚಿತ್ರ ತೆಗೆಯಲೆಂದು ಆಪಲ್‌ಬಿ ನಿಲ್ದಾಣದಲ್ಲಿ ಕಾದಿದ್ದ ಟ್ರೇಸಿಯವರು ಅಲ್ಲಿಯೇ ಕುಸಿದು ಕೊನೆಯುಸಿರೆಳೆದರು.

ಆ ಚಿತ್ರ ಅವರ ಕೈಗೆ ದಕ್ಕಲಿಲ್ಲ. ಆದರೆ ಅವರು ತೆಗೆದ ಸುಮಾರು 12,000 ಚಿತ್ರಗಳು ಬ್ರಿಟನ್ನಿನ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯದಲ್ಲಿವೆ. ಆರಿದ ಹೊಗೆ ಅಲ್ಲಿ ಇಂದಿಗೂ ಏಳುತ್ತಿದೆ.