ಜೋಸೆಫ್ ಫೂರಿಯೇ

ಝಾನ್ ಬಾಪ್ಟಿಸ್ಟ್ ಜೋಸೆಫ್ ಫೂರಿಯೇ (21 ಮಾರ್ಚ್ 1768 – 16 ಮೇ 1830) ಫ್ರಾನ್ಸ್ ದೇಶದ ಗಣಿತಶಾಸ್ತ್ರಜ್ಞ, ಭೌತವಿಜ್ಞಾನಿ ಹಾಗೂ ಆಡಳಿತಗಾರ. ಘನವಸ್ತುಗಳಲ್ಲಿ ಉಷ್ಣವು ಹೇಗೆ ಹರಡುತ್ತದೆ ಎಂಬುದನ್ನು ಗಣಿತದ ಸಮೀಕರಣದ ಮೂಲಕ ಮೊದಲು ನಿರೂಪಿಸಿದವರು ಇವರು. ಭಾರತದ ಪಠ್ಯಪುಸ್ತಕಗಳಲ್ಲಿ ಇವರ ಹೆಸರು ಸಾಮಾನ್ಯವಾಗಿ ಫೋರಿಯರ್ ಎಂದು ಕಂಡುಬರುತ್ತದೆ. ಫೋರಿಯರ್ ಶ್ರೇಣಿ, ಫೋರಿಯರ್ ರೂಪಾಂತರ ಮತ್ತು ಉಷ್ಣವಹನದ ಫೋರಿಯರ್ ನಿಯಮಗಳು ಇವರ ಹೆಸರನ್ನು ಹೊತ್ತಿವೆ. ವಸ್ತುವನ್ನು ಕತ್ತರಿಸದೆ, ಅದರ ಒಳಗಿನ ದೋಷ ಎಷ್ಟು ಆಳದಲ್ಲಿದೆ ಎಂದು ಅವಕೆಂಪು ಕ್ಯಾಮೆರಾದಿಂದ ಅಳೆಯುವ ಇಂದಿನ ವಿಧಾನಕ್ಕೂ ಇವರ ಸಮೀಕರಣವೇ ಆಧಾರವಾಗಿದೆ.

ಜನನ ಮತ್ತು ಬಾಲ್ಯ

ಫೂರಿಯೇ ಅವರು ಬರ್ಗಂಡಿ ಪ್ರಾಂತದ ಓಸೇರ್ ಪಟ್ಟಣದಲ್ಲಿ ಜನಿಸಿದರು. ತಂದೆ ದರ್ಜಿಯಾಗಿದ್ದರು. ಹತ್ತು ವರ್ಷ ತುಂಬುವಷ್ಟರಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಬಾಲಕ ಪರರ ಆಶ್ರಯದಲ್ಲಿ ಬೆಳೆಯಬೇಕಾಯಿತು. ಬೆನೆಡಿಕ್ಟ್ ಪಂಥದ ಸನ್ಯಾಸಿಗಳು ನಡೆಸುತ್ತಿದ್ದ ಊರಿನ ಸೈನಿಕ ಶಾಲೆಗೆ ಅವನನ್ನು ಸೇರಿಸಲಾಯಿತು. ಅಲ್ಲಿ ಗಣಿತದಲ್ಲಿ ಅಸಾಧಾರಣ ಆಸಕ್ತಿ ಬೆಳೆಯಿತು. ಹಗಲಿನಲ್ಲಿ ಉರಿದು ಉಳಿದ ಮೇಣದ ಬತ್ತಿಯ ತುಂಡುಗಳನ್ನು ಕೂಡಿಟ್ಟುಕೊಂಡು ರಾತ್ರಿ ಅವುಗಳ ಬೆಳಕಿನಲ್ಲಿ ಓದುತ್ತಿದ್ದನೆಂದು ಅವರ ಜೀವನಚರಿತ್ರೆಕಾರರು ಹೇಳುತ್ತಾರೆ.

ಸೈನ್ಯದ ಫಿರಂಗಿ ದಳದಲ್ಲಿ ಅಧಿಕಾರಿಯಾಗಬೇಕೆಂಬ ಬಯಕೆ ಅವರಿಗಿತ್ತು. ಆ ಕಾಲದಲ್ಲಿ ಅಂತಹ ಹುದ್ದೆಗಳು ಕುಲೀನ ಮನೆತನದವರಿಗೆ ಮೀಸಲಾಗಿದ್ದುದರಿಂದ ದರ್ಜಿಯ ಮಗನಿಗೆ ಅವಕಾಶ ದೊರೆಯಲಿಲ್ಲ. 1787ರಲ್ಲಿ ಅವರು ಪಾದ್ರಿಯಾಗುವ ಉದ್ದೇಶದಿಂದ ಸೈಂಟ್ ಬೆನ್ವಾ ಮಠವನ್ನು ಸೇರಿದರು. ಆದರೆ ದೀಕ್ಷೆ ಪಡೆಯದೆ 1789ರಲ್ಲಿ ಮಠವನ್ನು ತೊರೆದು, ಮುಂದೆ ತಾವು ಓದಿದ ಶಾಲೆಯಲ್ಲಿಯೇ ಉಪಾಧ್ಯಾಯರಾದರು.

ಕ್ರಾಂತಿಯ ವರ್ಷಗಳು

ಫ್ರೆಂಚ್ ಕ್ರಾಂತಿಯ ಆದರ್ಶಗಳು ಫೂರಿಯೇ ಅವರನ್ನು ಆಕರ್ಷಿಸಿದವು. 1793ರಲ್ಲಿ ಅವರು ಓಸೇರ್‌ನ ಕ್ರಾಂತಿ ಸಮಿತಿಯನ್ನು ಸೇರಿದರು. ಭಯದ ಆಳ್ವಿಕೆಯ ದಿನಗಳಲ್ಲಿ ಬೇರೆ ಬಣದವರ ವಿರೋಧ ಕಟ್ಟಿಕೊಂಡ ಕಾರಣ 1794ರಲ್ಲಿ ಅವರನ್ನು ಬಂಧಿಸಲಾಯಿತು. ಗಿಲೊಟಿನ್‌ಗೆ ತಲೆಕೊಡುವ ಅಪಾಯ ಎದುರಿಗಿತ್ತು. ಅದೇ ಜುಲೈನಲ್ಲಿ ರೋಬ್‌ಸ್ಪಿಯರ್‌ನ ಪತನವಾದುದರಿಂದ ಅವರು ಬಿಡುಗಡೆ ಹೊಂದಿದರು.

1795ರಲ್ಲಿ ಪ್ಯಾರಿಸ್‌ನಲ್ಲಿ ಆರಂಭವಾದ ಎಕೋಲ್ ನಾರ್ಮಾಲ್ ಎಂಬ ಶಿಕ್ಷಕರ ತರಬೇತಿ ಶಾಲೆಗೆ ಅವರು ಆಯ್ಕೆಯಾದರು. ಅಲ್ಲಿ ಲಗ್ರಾಂಜ್, ಲಪ್ಲಾಸ್ ಮತ್ತು ಮೋಂಜ್ ಅವರಂತಹ ಶ್ರೇಷ್ಠ ಗಣಿತಜ್ಞರ ಪಾಠಗಳನ್ನು ಕೇಳುವ ಅವಕಾಶ ಒದಗಿತು. ಅನಂತರ ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಬೋಧಕರಾದರು. ಅದೇ ವರ್ಷ ಮತ್ತೊಮ್ಮೆ ಬಂಧನಕ್ಕೊಳಗಾಗಿ ಬಿಡುಗಡೆಯಾದರು. 1797ರಲ್ಲಿ ಲಗ್ರಾಂಜ್ ಅವರ ಉತ್ತರಾಧಿಕಾರಿಯಾಗಿ ಪ್ರಾಧ್ಯಾಪಕ ಪೀಠವನ್ನು ಅಲಂಕರಿಸಿದರು.

ಈಜಿಪ್ಟ್ ಮತ್ತು ಗ್ರೆನೋಬ್ಲ್

1798ರಲ್ಲಿ ನೆಪೋಲಿಯನ್ ಈಜಿಪ್ಟಿನ ದಂಡಯಾತ್ರೆಗೆ ಹೊರಟಾಗ ಸೈನ್ಯದೊಡನೆ ತೆರಳಿದ ವಿದ್ವಾಂಸರ ತಂಡದಲ್ಲಿ ಫೂರಿಯೇ ಅವರೂ ಇದ್ದರು. ಕೈರೋದಲ್ಲಿ ಸ್ಥಾಪನೆಯಾದ ಈಜಿಪ್ಟ್ ಸಂಸ್ಥೆಗೆ ಅವರು ಕಾರ್ಯದರ್ಶಿಯಾದರು. 1801ರಲ್ಲಿ ಸ್ವದೇಶಕ್ಕೆ ಮರಳಿ ಪುನಃ ಬೋಧನೆಯಲ್ಲಿ ತೊಡಗುವ ಇಚ್ಛೆ ಅವರಿಗಿದ್ದರೂ, ನೆಪೋಲಿಯನ್ 1802ರಲ್ಲಿ ಅವರನ್ನು ಈಜೇರ್ ಜಿಲ್ಲೆಯ ಆಡಳಿತಾಧಿಕಾರಿಯನ್ನಾಗಿ ನೇಮಿಸಿದನು. ಆಲ್ಪ್ಸ್ ಪರ್ವತಗಳ ಮಡಿಲಿನ ಗ್ರೆನೋಬ್ಲ್ ನಗರ ಆ ಜಿಲ್ಲೆಯ ಕೇಂದ್ರವಾಗಿತ್ತು.

ಆಡಳಿತದಲ್ಲಿ ಫೂರಿಯೇ ದಕ್ಷರೆನಿಸಿದರು. ಅನೇಕ ಗ್ರಾಮಗಳವರನ್ನು ಒಪ್ಪಿಸಿ ಬೂರ್ಗ್ವಾನ್ ಪ್ರದೇಶದ ಜೌಗುನೆಲವನ್ನು ಬಸಿದು ಒಣಗಿಸುವ ಕಾರ್ಯವನ್ನು ನಡೆಸಿದರು. ಗ್ರೆನೋಬ್ಲ್‌ನಿಂದ ಇಟಲಿಯ ಟುರಿನ್ ಕಡೆಗೆ ಹೊಸ ರಸ್ತೆಯ ನಿರ್ಮಾಣಕ್ಕೆ ಮುಂದಾದರು. ಈಜಿಪ್ಟಿನ ವಿವರಣೆ ಎಂಬ ಬೃಹತ್ ಗ್ರಂಥಮಾಲೆಗೆ ಐತಿಹಾಸಿಕ ಪೀಠಿಕೆಯನ್ನು ಬರೆದರು. ಮುಂದೆ 1822ರಲ್ಲಿ ಈಜಿಪ್ಟಿನ ಚಿತ್ರಲಿಪಿಯ ರಹಸ್ಯವನ್ನು ಬಿಡಿಸಿದ ಶಾಂಪೋಲಿಯೋನ್ ಆಗ ಗ್ರೆನೋಬ್ಲ್‌ನಲ್ಲಿ ಓದುತ್ತಿದ್ದ ತರುಣ. ಅವನಿಗೆ ಫೂರಿಯೇ ಅವರಿಂದ ಪ್ರೋತ್ಸಾಹ ದೊರೆಯಿತು.

ಉಷ್ಣದ ಅಧ್ಯಯನ

ಕಚೇರಿಯ ಕೆಲಸಗಳ ನಡುವೆಯೇ ಫೂರಿಯೇ ಉಷ್ಣದ ಅಧ್ಯಯನವನ್ನು ಕೈಗೊಂಡರು. ಉಷ್ಣವೆಂದರೆ ಒಂದು ಸೂಕ್ಷ್ಮ ದ್ರವವೋ ಅಥವಾ ಕಣಗಳ ಚಲನೆಯೋ ಎಂಬ ಚರ್ಚೆ ಆಗ ನಡೆದಿತ್ತು. ಫೂರಿಯೇ ಆ ವಿವಾದವನ್ನು ಬದಿಗಿಟ್ಟರು. ಉಷ್ಣದ ಸ್ವರೂಪ ಏನೇ ಇರಲಿ, ಅದು ಹರಿಯುವ ರೀತಿಯನ್ನು ಅಳೆದು ಸಮೀಕರಣದಲ್ಲಿ ಇಡಬಹುದೆಂಬುದು ಅವರ ನಿಲುವಾಗಿತ್ತು. ಉಷ್ಣವು ಬಿಸಿ ಭಾಗದಿಂದ ತಂಪು ಭಾಗಕ್ಕೆ ಹರಿಯುತ್ತದೆ. ಹರಿವಿನ ಪ್ರಮಾಣವು ತಾಪಮಾನ ಇಳಿಯುವ ಕಡಿದಿಗೆ ಅನುಪಾತದಲ್ಲಿರುತ್ತದೆ. ಇದೇ ಇಂದು ಫೋರಿಯರ್ ನಿಯಮವೆನಿಸಿದೆ. ಇದರಿಂದ ವಸ್ತುವಿನ ಪ್ರತಿಯೊಂದು ಬಿಂದುವಿನ ತಾಪಮಾನ ಕಾಲಕ್ರಮದಲ್ಲಿ ಹೇಗೆ ಬದಲಾಗುತ್ತದೆ ಎಂದು ತಿಳಿಸುವ ಅವಕಲ ಸಮೀಕರಣವನ್ನು ಅವರು ಪಡೆದರು.

ಸಿದ್ಧಾಂತವನ್ನು ಪರೀಕ್ಷಿಸಲು ಅವರು ಪ್ರಯೋಗಗಳನ್ನೂ ನಡೆಸಿದರು. ಕಬ್ಬಿಣದ ಉಂಗುರವೊಂದರಲ್ಲಿ ಅಲ್ಲಲ್ಲಿ ರಂಧ್ರಗಳನ್ನು ಕೊರೆದು, ಅವುಗಳಲ್ಲಿ ಪಾದರಸ ತುಂಬಿ ಉಷ್ಣತಾಮಾಪಕಗಳನ್ನು ಇರಿಸಿದರು. ಉಂಗುರವನ್ನು ಬಿಸಿ ಮಾಡಿ, ಉಷ್ಣವು ಅದರಲ್ಲಿ ಹರಡುವ ಮತ್ತು ಆರುವ ಕ್ರಮವನ್ನು ದಾಖಲಿಸಿದರು. ಉಂಗುರ, ಗೋಳ, ಕಂಬ, ಘನ ಮುಂತಾದ ಆಕಾರಗಳಿಗೆ ಪ್ರತ್ಯೇಕವಾಗಿ ಸಮೀಕರಣವನ್ನು ಬಿಡಿಸಿದರು.

ವಿರೋಧ ಮತ್ತು ಮನ್ನಣೆ

1807ರ ಡಿಸೆಂಬರ್ 21ರಂದು ಈ ಸಂಶೋಧನೆಯನ್ನು ಪ್ಯಾರಿಸ್‌ನ ವಿದ್ವತ್ ಸಂಸ್ಥೆಗೆ ಸಲ್ಲಿಸಲಾಯಿತು. ಲಗ್ರಾಂಜ್, ಲಪ್ಲಾಸ್, ಮೋಂಜ್ ಮತ್ತು ಲಕ್ರ್ವಾ ಪರಿಶೀಲಕರಾಗಿದ್ದರು. ಯಾವುದೇ ಫಲನವನ್ನು ಸೈನ್ ಮತ್ತು ಕೊಸೈನ್‌ಗಳ ಅನಂತ ಶ್ರೇಣಿಯ ಮೊತ್ತವಾಗಿ ಬರೆಯಬಹುದೆಂಬ ಫೂರಿಯೇ ಅವರ ಹೇಳಿಕೆ ತೀವ್ರ ಆಕ್ಷೇಪಣೆಗೆ ಗುರಿಯಾಯಿತು. ಮೂಲೆಗಳುಳ್ಳ, ಒಮ್ಮೆಲೇ ಜಿಗಿಯುವ ವಕ್ರರೇಖೆಗಳನ್ನು ನಯವಾದ ಅಲೆಗಳಿಂದ ಕಟ್ಟಬಹುದೆಂಬುದನ್ನು ಲಗ್ರಾಂಜ್ ಒಪ್ಪಲಿಲ್ಲ. ತಾವು ಪಾಠ ಕೇಳಿದ ಗುರುಗಳೇ ಎದುರು ನಿಂತುದು ಫೂರಿಯೇ ಅವರಿಗೆ ಕಠಿಣ ಪರೀಕ್ಷೆಯಾಯಿತು. ಆ ಪ್ರಬಂಧ ಅವರ ಜೀವಿತಕಾಲದಲ್ಲಿ ಅಚ್ಚಾಗಲಿಲ್ಲ. ಅದರ ಪೂರ್ಣಪಾಠ ಬೆಳಕು ಕಂಡದ್ದು 1972ರಲ್ಲಿ.

ಅದೇ ಸಂಸ್ಥೆ ಉಷ್ಣ ಪ್ರಸರಣದ ವಿಷಯವನ್ನು ಬಹುಮಾನ ಸ್ಪರ್ಧೆಗೆ ಇಟ್ಟಾಗ ಫೂರಿಯೇ 1811ರಲ್ಲಿ ಪರಿಷ್ಕೃತ ಪ್ರಬಂಧವನ್ನು ಕಳುಹಿಸಿದರು. 1812ರ ಜನವರಿಯಲ್ಲಿ ಬಹುಮಾನ ಅವರಿಗೇ ಸಂದಿತು. ಆದರೆ ತೀರ್ಪುಗಾರರು ಅದರ ಸಾಧನೆಯಲ್ಲಿ ಗಣಿತೀಯ ಕಟ್ಟುನಿಟ್ಟು ಸಾಲದೆಂಬ ಟೀಕೆಯನ್ನೂ ಸೇರಿಸಿದರು. ಪ್ರಬಂಧದ ಪ್ರಕಟಣೆ ಮತ್ತೆ ಹಲವು ವರ್ಷ ಮುಂದೆ ಹೋಯಿತು.

ಕೊನೆಗೆ 1822ರಲ್ಲಿ ಉಷ್ಣದ ವಿಶ್ಲೇಷಣಾತ್ಮಕ ಸಿದ್ಧಾಂತ ಎಂಬ ಅವರ ಮಹತ್ಕೃತಿ ಪ್ರಕಟವಾಯಿತು. ಲಗ್ರಾಂಜ್ ಎತ್ತಿದ ಸಂದೇಹ ಪೂರ್ಣವಾಗಿ ನಿರಾಧಾರವಾಗಿರಲಿಲ್ಲ. ಶ್ರೇಣಿಯು ಯಾವ ನಿಬಂಧನೆಗಳಲ್ಲಿ ಸರಿಯಾದ ಬೆಲೆಗೆ ಒಮ್ಮುಖವಾಗುತ್ತದೆ ಎಂಬುದನ್ನು 1829ರಲ್ಲಿ ಜರ್ಮನಿಯ ಡಿರಿಕ್ಲೆ ಸಾಧಿಸಿ ತೋರಿಸಿದರು. ಫಲನ, ಸಮಾಕಲನ ಮುಂತಾದ ಮೂಲ ಕಲ್ಪನೆಗಳ ಮರುಪರಿಶೀಲನೆಗೆ ಈ ವಿವಾದವೇ ಪ್ರೇರಣೆಯಾಯಿತು.

ಓರೆ ಮೇಲ್ಮೈಯ ವಿಕಿರಣ

ಬಿಸಿಯಾದ ಮೇಲ್ಮೈ ಹೊರಸೂಸುವ ಕಿರಣಗಳನ್ನೂ ಫೂರಿಯೇ ಅಧ್ಯಯನ ಮಾಡಿದರು. ಕಿರಣವು ಮೇಲ್ಮೈಗೆ ಲಂಬವಾಗಿ ಹೊರಟಾಗ ಅದರ ತೀವ್ರತೆ ಹೆಚ್ಚು. ಮೇಲ್ಮೈಯತ್ತ ಬಾಗಿದಂತೆ ತೀವ್ರತೆ ಕೋನದ ಸೈನ್ ಬೆಲೆಗೆ ಅನುಸಾರವಾಗಿ ಕಡಿಮೆಯಾಗುತ್ತದೆ. ಸ್ಕಾಟ್ಲೆಂಡಿನ ಜಾನ್ ಲೆಸ್ಲಿ ಪ್ರಯೋಗದಿಂದ ಕಂಡಿದ್ದ ಈ ನಿಯಮಕ್ಕೆ ಫೂರಿಯೇ ಸೈದ್ಧಾಂತಿಕ ಕಾರಣವನ್ನು ಒದಗಿಸಿದರು. ಈ ನಿಯಮ ಇಲ್ಲದಿದ್ದರೆ ಒಂದೇ ತಾಪಮಾನದ ಗೋಡೆಗಳ ಒಳಗೆ ಇಟ್ಟ ವಸ್ತುಗಳು ಸಮತೋಲಕ್ಕೆ ಬರಲಾರವೆಂದು ಅವರು ತೋರಿಸಿದರು.

ದೋಷದ ಆಳ ಮತ್ತು ಉಷ್ಣಚಿತ್ರಣ

ಅವಕೆಂಪು ಉಷ್ಣಚಿತ್ರಣ ಅಥವಾ ಇನ್‌ಫ್ರಾರೆಡ್ ಥರ್ಮೋಗ್ರಫಿ ಫೂರಿಯೇ ಅವರ ಕಾಲದಲ್ಲಿ ಇರಲಿಲ್ಲ. ಆದರೂ ಅದರ ಲೆಕ್ಕಾಚಾರವೆಲ್ಲ ಅವರ ಸಮೀಕರಣದಿಂದಲೇ ಹೊರಡುತ್ತದೆ. ವಿಮಾನದ ರೆಕ್ಕೆ, ಕೊಳವೆ, ಟರ್ಬೈನ್ ಅಲಗು ಮುಂತಾದವುಗಳ ಮೇಲ್ಮೈಯನ್ನು ಕ್ಷಣಕಾಲ ಪ್ರಬಲ ದೀಪದಿಂದ ಬಿಸಿ ಮಾಡಿ, ಅದು ಆರುವುದನ್ನು ಅವಕೆಂಪು ಕ್ಯಾಮೆರಾದಿಂದ ಚಿತ್ರಿಸಲಾಗುತ್ತದೆ. ಒಳಗೆ ಪದರ ಬಿಟ್ಟಿದ್ದರೆ ಅಥವಾ ಗಾಳಿಯ ಪೊಳ್ಳು ಇದ್ದರೆ ಉಷ್ಣದ ಹಾದಿಗೆ ತಡೆಯಾಗಿ ಆ ಭಾಗದ ಮೇಲ್ಮೈ ಹೆಚ್ಚು ಹೊತ್ತು ಬಿಸಿಯಾಗಿ ಕಾಣುತ್ತದೆ.

ಈ ವ್ಯತ್ಯಾಸ ಕಾಣಿಸಿಕೊಳ್ಳುವ ಕಾಲವು ದೋಷದ ಆಳದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಆಳ ಎರಡು ಪಟ್ಟಾದರೆ ಕಾಲ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು ಆಗುತ್ತದೆ. ಉಷ್ಣ ವಿಸರಣಾಂಕ ಸೆಕೆಂಡಿಗೆ 0.4 ಚದರ ಮಿಲಿಮೀಟರ್ ಇರುವ ವಸ್ತುವಿನಲ್ಲಿ ದೋಷ 2 ಮಿಲಿಮೀಟರ್ ಆಳದಲ್ಲಿದ್ದರೆ, ಆಳದ ವರ್ಗವನ್ನು ವಿಸರಣಾಂಕದಿಂದ ಭಾಗಿಸಿದಾಗ 10 ಸೆಕೆಂಡು ಎಂದು ಕಾಲದ ಅಂದಾಜು ದೊರೆಯುತ್ತದೆ. ಭೂಮಿಯ ತಾಪಮಾನದ ಬಗ್ಗೆ ಫೂರಿಯೇ ಮಾಡಿದ ಲೆಕ್ಕದಲ್ಲಿಯೂ ಇದೇ ವರ್ಗ ಸಂಬಂಧವಿದೆ. ಹಗಲು ರಾತ್ರಿಯ ತಾಪಮಾನದ ಏರಿಳಿತಕ್ಕಿಂತ ವರ್ಷದ ಋತುಗಳ ಏರಿಳಿತವು ನೆಲದೊಳಗೆ 365ರ ವರ್ಗಮೂಲದಷ್ಟು, ಅಂದರೆ ಸುಮಾರು 19 ಪಟ್ಟು ಆಳಕ್ಕೆ ಇಳಿಯುತ್ತದೆ.

ಬಾಗಿದ ಅಥವಾ ಓರೆಯಾದ ಭಾಗಗಳಲ್ಲಿ ಈ ಅಳತೆ ತೊಡಕಿನದಾಗುತ್ತದೆ. ಓರೆಯಾದೆಡೆ ದೀಪದ ಶಾಖ ಕಡಿಮೆ ಬೀಳುತ್ತದೆ. ಕ್ಯಾಮೆರಾದ ಒಂದು ಚಿತ್ರಬಿಂದು ಅಲ್ಲಿ ಹೆಚ್ಚು ವಿಸ್ತಾರವನ್ನು ಒಳಗೊಳ್ಳುವುದರಿಂದ ದೋಷದ ಅಗಲ ಕುಗ್ಗಿದಂತೆ ಕಾಣುತ್ತದೆ. ಸೈನ್ ನಿಯಮವನ್ನು ಪೂರ್ಣವಾಗಿ ಪಾಲಿಸುವ ಮೇಲ್ಮೈಯಾದರೆ ಓರೆಯಾದರೂ ಕ್ಯಾಮೆರಾ ತೋರುವ ತಾಪಮಾನ ಬದಲಾಗದು. ನಿಜವಾದ ಮೇಲ್ಮೈಗಳು ಓರೆ ಬಹಳ ಹೆಚ್ಚಾದಾಗ ಆ ನಿಯಮದಿಂದ ದೂರ ಸರಿಯುತ್ತವೆ. ಆದಕಾರಣ ಬಿಸಿಯ ಪ್ರಮಾಣವನ್ನಷ್ಟೇ ನೋಡಿದರೆ ಆಳದ ಅಂದಾಜು ತಪ್ಪಬಹುದು, ಅಪಾಯಕರ ಬಿರುಕೊಂದು ಕಣ್ಣುತಪ್ಪಿಹೋಗಬಹುದು.

ಇದಕ್ಕೆ ಪರಿಹಾರವಾಗಿ ಬಿಸಿಯ ಪ್ರಮಾಣದ ಬದಲು ಕಾಲವನ್ನು ಆಧಾರವಾಗಿ ಹಿಡಿಯಲಾಗುತ್ತದೆ. ದೋಷವಿಲ್ಲದ ದಪ್ಪ ಭಾಗದಲ್ಲಿ ಮೇಲ್ಮೈಯ ತಾಪಮಾನದ ಏರಿಕೆ ಕಾಲದ ವರ್ಗಮೂಲಕ್ಕೆ ವಿಲೋಮವಾಗಿ ಇಳಿಯುತ್ತದೆ. ಲಾಗರಿದಮ್ ಪ್ರಮಾಣದ ನಕ್ಷೆಯಲ್ಲಿ ಇದು ಸರಳರೇಖೆ. ಮೇಲ್ಮೈ ಓರೆಯಾಗಿ ಶಾಖ ಕಡಿಮೆ ಬಿದ್ದರೆ ಇಡೀ ರೇಖೆ ಕೆಳಗೆ ಸರಿಯುತ್ತದೆ, ಆದರೆ ಅದು ದಿಕ್ಕು ಬದಲಿಸುವ ಕ್ಷಣ ಹಾಗೆಯೇ ಉಳಿಯುತ್ತದೆ. ಆ ಕ್ಷಣದಿಂದ ಆಳವನ್ನು ಲೆಕ್ಕ ಹಾಕಬಹುದು. ತಾಪಮಾನದ ದಾಖಲೆಗೆ ಫೋರಿಯರ್ ರೂಪಾಂತರವನ್ನು ಅನ್ವಯಿಸಿ ಅಲೆಗಳ ಹಂತವನ್ನು ಅಳೆಯುವ ವಿಧಾನವೂ ಇದೇ ಕಾರಣಕ್ಕೆ ಉಪಯುಕ್ತವಾಗಿದೆ. ಬಾಗಿನ ತ್ರಿಜ್ಯವು ಆಳಕ್ಕಿಂತ ಬಹಳ ದೊಡ್ಡದಾಗಿದ್ದರೆ ಚಪ್ಪಟೆ ಹಲಗೆಯ ಸೂತ್ರವೇ ಸಾಕು. ತ್ರಿಜ್ಯ ಚಿಕ್ಕದಾದರೆ ಉಷ್ಣ ಪಕ್ಕಕ್ಕೂ ಹರಡುವುದರಿಂದ, ಫೂರಿಯೇ ಕಂಬ ಮತ್ತು ಗೋಳಗಳಿಗೆ ಬಿಡಿಸಿದಂತಹ ಸಮೀಕರಣಗಳ ಮೊರೆ ಹೋಗಬೇಕಾಗುತ್ತದೆ.

ಕೊನೆಯ ವರ್ಷಗಳು

1815ರಲ್ಲಿ ನೆಪೋಲಿಯನ್ ಎಲ್ಬಾ ದ್ವೀಪದಿಂದ ಹಿಂದಿರುಗಿದಾಗ ಫೂರಿಯೇ ಇಕ್ಕಟ್ಟಿಗೆ ಸಿಲುಕಿದರು. ಅಲ್ಪಕಾಲ ರೋನ್ ಜಿಲ್ಲೆಯ ಅಧಿಕಾರಿಯಾಗಿದ್ದು ಹುದ್ದೆಯನ್ನು ತೊರೆದರು. ಅನಂತರ ಪ್ಯಾರಿಸ್‌ನಲ್ಲಿ ಅಂಕಿಅಂಶ ಕಚೇರಿಯ ಕೆಲಸ ದೊರೆಯಿತು. 1816ರಲ್ಲಿ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದಾಗ, ನೆಪೋಲಿಯನ್‌ನ ಸೇವೆಯಲ್ಲಿದ್ದವರೆಂಬ ಕಾರಣದಿಂದ ದೊರೆ 18ನೆಯ ಲೂಯಿ ಒಪ್ಪಿಗೆ ನೀಡಲಿಲ್ಲ. 1817ರಲ್ಲಿ ಮತ್ತೆ ಆಯ್ಕೆಯಾಗಿ ಸದಸ್ಯರಾದರು. 1822ರಲ್ಲಿ ಕಾಯಂ ಕಾರ್ಯದರ್ಶಿಯಾದರು. 1826ರಲ್ಲಿ ಫ್ರೆಂಚ್ ಅಕಾಡೆಮಿಯ ಸದಸ್ಯತ್ವವೂ ಲಭಿಸಿತು. ಗಣಿತಜ್ಞೆ ಸೋಫಿ ಜರ್ಮೈನ್ ಅವರಿಗೆ ಅಕಾಡೆಮಿಯ ಸಭೆಗಳಲ್ಲಿ ಹಾಜರಿರಲು ಅವಕಾಶ ದೊರಕಿಸಿಕೊಟ್ಟವರು ಇವರೇ.

1824ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ವಾಯುಮಂಡಲವು ಸೂರ್ಯನ ಬೆಳಕನ್ನು ಒಳಬಿಟ್ಟು ನೆಲದ ಕಾಣದ ಶಾಖವನ್ನು ಸುಲಭವಾಗಿ ಹೊರಬಿಡದಿರುವುದರಿಂದ ಭೂಮಿ ಬೆಚ್ಚಗಿರುತ್ತದೆ ಎಂದು ವಿವರಿಸಿದರು. ಇಂದು ಹಸಿರುಮನೆ ಪರಿಣಾಮವೆನಿಸಿಕೊಂಡಿರುವ ವಿಚಾರದ ಆರಂಭಿಕ ನಿರೂಪಣೆಗಳಲ್ಲಿ ಇದು ಒಂದು.

ಈಜಿಪ್ಟಿನಿಂದ ಮರಳಿದ ಮೇಲೆ ಅವರ ಆರೋಗ್ಯ ಮೊದಲಿನಂತಿರಲಿಲ್ಲ. ಸದಾ ಚಳಿಯೆನಿಸಿ ದಪ್ಪ ಉಡುಪು ಧರಿಸಿ, ಕೋಣೆಗಳನ್ನು ಬಿಸಿಯಾಗಿಟ್ಟುಕೊಳ್ಳುತ್ತಿದ್ದರು. 1830ರ ಮೇ ತಿಂಗಳ ಮೊದಲ ವಾರದಲ್ಲಿ ಮೆಟ್ಟಿಲಿನಿಂದ ಬಿದ್ದರು. ಅದೇ ತಿಂಗಳ 16ರಂದು ಪ್ಯಾರಿಸ್‌ನಲ್ಲಿ ನಿಧನರಾದರು. ಅವಿವಾಹಿತರಾಗಿದ್ದ ಅವರನ್ನು ಪೇರ್ ಲಾಶೇಸ್ ಸ್ಮಶಾನದಲ್ಲಿ ಸಮಾಧಿ ಮಾಡಲಾಯಿತು. ತರುಣ ಗಣಿತಜ್ಞ ಗಾಲ್ವಾ ಬಹುಮಾನಕ್ಕೆ ಕಳುಹಿಸಿದ್ದ ಪ್ರಬಂಧವೊಂದು ಆಗ ಫೂರಿಯೇ ಅವರ ಬಳಿಯಿದ್ದು, ಅವರ ಮರಣದೊಡನೆ ಕಳೆದುಹೋಯಿತು. ಸಮೀಕರಣಗಳ ಮೂಲಗಳನ್ನು ಕುರಿತು ಫೂರಿಯೇ ಬರೆಯುತ್ತಿದ್ದ ಗ್ರಂಥವನ್ನು ನಾವಿಯೇ ಸಂಪಾದಿಸಿ 1831ರಲ್ಲಿ ಹೊರತಂದರು.

ಗೌರವಗಳು

1809ರಲ್ಲಿ ನೆಪೋಲಿಯನ್ ಫೂರಿಯೇ ಅವರಿಗೆ ಬ್ಯಾರನ್ ಪದವಿಯನ್ನು ನೀಡಿದ್ದನು. ಪ್ಯಾರಿಸ್‌ನ ಐಫೆಲ್ ಗೋಪುರದ ಮೇಲೆ ಕೆತ್ತಲಾದ 72 ಹೆಸರುಗಳಲ್ಲಿ ಅವರ ಹೆಸರೂ ಇದೆ. ಹುಟ್ಟೂರಾದ ಓಸೇರ್‌ನಲ್ಲಿ 1849ರಲ್ಲಿ ನಿಲ್ಲಿಸಿದ್ದ ಅವರ ಕಂಚಿನ ಪ್ರತಿಮೆಯನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹಕ್ಕಾಗಿ ಕರಗಿಸಲಾಯಿತು. ಗ್ರೆನೋಬ್ಲ್‌ನ ವಿಶ್ವವಿದ್ಯಾಲಯವೊಂದು ಬಹುಕಾಲ ಅವರ ಹೆಸರಿನಲ್ಲಿ ನಡೆದು, 2016ರಲ್ಲಿ ಗ್ರೆನೋಬ್ಲ್ ಆಲ್ಪ್ಸ್ ವಿಶ್ವವಿದ್ಯಾಲಯದಲ್ಲಿ ವಿಲೀನವಾಯಿತು.