ಸೇಬು ಕೊಳೆತ್ರೂ ಮುಗಿಯದ ಚಿತ್ರ

ಫಸ್ಟ್ ಇಯರ್‌ನಲ್ಲಿ ಗ್ರಾಫಿಕ್ಸ್ ಶೀಟ್ ಹಾಕಿದವರು ಯಾರೇ ಆಗ್ಲಿ, ಪಾಲ್ ಸೆಜಾನ್‌ನ ‘ಸೇಬಿನ ಬುಟ್ಟಿ’ ಅನ್ನೋ ಚಿತ್ರ ನೋಡಿದ್ರೆ ಮೊದಲು ಕಣ್ಣಿಗೆ ಬೀಳೋದು ತಪ್ಪೇ. ಮೇಜಿನ ಅಂಚು ಎಡಗಡೆ ಒಂದು ಎತ್ತರದಲ್ಲಿ ಬಟ್ಟೆಯ ಕೆಳಗೆ ಹೋಗುತ್ತೆ, ಬಲಗಡೆ ಇನ್ನೊಂದು ಎತ್ತರದಲ್ಲಿ ಹೊರಗೆ ಬರುತ್ತೆ. ಬಾಟಲಿ ವಾಲಿದೆ. ನಮ್ಮ ಲ್ಯಾಬ್‌ನಲ್ಲಾಗಿದ್ರೆ ಶೀಟ್ ವಾಪಸ್. ಆದ್ರೆ 1893ರ ಸುಮಾರಿಗೆ ಇದನ್ನ ಬಿಡಿಸಿದಾಗ ಆತನಿಗೆ ಐವತ್ತು ದಾಟಿತ್ತು, ಮೂವತ್ತು ವರ್ಷದ ಅನುಭವ ಇತ್ತು. ಗೊತ್ತಿಲ್ಲದೆ ಮಾಡಿದ ತಪ್ಪಂತೂ ಅಲ್ಲ.

ಸೆಜಾನ್ ಹುಟ್ಟಿದ್ದು 1839ರಲ್ಲಿ, ದಕ್ಷಿಣ ಫ್ರಾನ್ಸ್‌ನ ಏಕ್ಸ್ ಅನ್ನೋ ಊರಲ್ಲಿ. ಅಪ್ಪ ಟೋಪಿ ವ್ಯಾಪಾರದಿಂದ ಶುರು ಮಾಡಿ ಸ್ವಂತ ಬ್ಯಾಂಕ್ ಮಾಡಿದವರು. ಮಗ ಲಾ ಓದಲೇಬೇಕು ಅಂತ ಅವರ ಹಟ. (ನಮ್ಮಲ್ಲಿ ಕೆಲವರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ.) ಮಗ ಸೇರಿದ, ಬಿಟ್ಟ, 1861ರಲ್ಲಿ ಪ್ಯಾರಿಸ್‌ಗೆ ಹೋದ. ಕೆಲವೇ ತಿಂಗಳಲ್ಲಿ ಸೋತು ಬಂದು ಅಪ್ಪನ ಬ್ಯಾಂಕಿನಲ್ಲಿ ಕೂತ. ಅಲ್ಲೂ ಕೂರೋಕಾಗದೆ ಮತ್ತೆ ಪ್ಯಾರಿಸ್. ಅಲ್ಲಿನ ದೊಡ್ಡ ಕಲಾಶಾಲೆ ಸೀಟು ಕೊಡಲಿಲ್ಲ. ಸಲಾನ್ ಅನ್ನೋ ಸರ್ಕಾರಿ ಪ್ರದರ್ಶನ ವರ್ಷ ವರ್ಷವೂ ಚಿತ್ರ ವಾಪಸ್ ಕಳಿಸ್ತು. ಒಂದೇ ಒಂದು ಸಲ, 1882ರಲ್ಲಿ, ತೀರ್ಪುಗಾರನಾಗಿದ್ದ ಗೆಳೆಯನೊಬ್ಬನ ಶಿಷ್ಯ ಅನ್ನೋ ಲೆಕ್ಕದಲ್ಲಿ ಒಳಗೆ ಹೋದ.

ಸ್ಕೂಲಿನ ಆಪ್ತ ಗೆಳೆಯ ಎಮಿಲ್ ಜೋಲಾ ಅಷ್ಟರಲ್ಲಿ ಹೆಸರಾಂತ ಲೇಖಕನಾಗಿದ್ದ. 1886ರಲ್ಲಿ ಅವನು ಬರೆದ ಕಾದಂಬರಿಯ ನಾಯಕ, ಚಿತ್ರ ಮುಗಿಸೋಕಾಗದೆ ಸಾಯೋ ಕಲಾವಿದ. ಓದಿದವರಿಗೆ ಅದರಲ್ಲಿ ಸೆಜಾನ್ ಕಂಡ. ಗೆಳೆಯನೇ ಹೀಗೆ ಬರೆದ ಮೇಲೆ ನಾನಾಗಿದ್ರೆ ಬ್ರಷ್ ಎತ್ತಿಡ್ತಿದ್ದೆ. ಈತ ಊರಲ್ಲಿ ಸೇಬು ಬಿಡಿಸ್ತಾ ಕೂತ.

ಯಾಕೆ ಸೇಬು? ಅದು ಅಲ್ಲಾಡಲ್ಲ. ಈತನದು ವಿಪರೀತ ನಿಧಾನ. ಹೂವು ಬಾಡ್ತಿತ್ತು, ಅದಕ್ಕೇ ಕಾಗದದ ಹೂವು ತರಿಸ್ಕೊಂಡ. ಹಣ್ಣುಗಳು ಬೇಕಾದ ಹಾಗೆ ವಾಲಲಿ ಅಂತ ಅಡಿಯಲ್ಲಿ ನಾಣ್ಯ ಇಡ್ತಿದ್ದ. ಪ್ರತಿದಿನ ಬಂದು ಕೂತಾಗ ನಿನ್ನೆ ಬಿಡಿಸಿದ್ದು ಸುಳ್ಳು ಅನ್ನಿಸೋದು, ಇವತ್ತು ಕಂಡಿದ್ದನ್ನ ಅದರ ಪಕ್ಕ ಹಚ್ಚೋನು. ನನ್ನ ಪ್ರಕಾರ ಆ ಮೇಜಿನ ಅಂಚು ಕೂಡದಿರೋದು ಹೀಗೇ: ಎರಡು ಸಲ ನೋಡಿದ್ದು ಎರಡೂ ಅಲ್ಲಿದೆ, ಸ್ಕೇಲ್ ಇಟ್ಟು ಒಂದನ್ನ ಅಳಿಸಿಲ್ಲ. ನಾನೂ ಹಾಸ್ಟೆಲ್‌ನಲ್ಲಿ ಎರಡು ಸೇಬು ಇಟ್ಟು ಪ್ರಯತ್ನಪಟ್ಟೆ. ತಲೆ ನಾಲ್ಕು ಬೆರಳು ಸರಿಸಿದ್ರೆ ಸಾಕು, ಎಲ್ಲಾ ಗೆರೆ ಬದಲಾಗುತ್ತೆ. ಮೂರನೇ ದಿನ ರೂಮ್‌ಮೇಟ್ ಒಂದನ್ನ ತಿಂದುಬಿಟ್ಟ.

ಮನಸ್ಸಿಗೆ ಬರದ ಚಿತ್ರಗಳನ್ನ ಸೆಜಾನ್ ಹರಿದು ಹಾಕಿದ್ದೂ ಉಂಟು. ಉಳಿದವುಗಳಲ್ಲಿ ಸುಮಾರು 150ನ್ನ ಮಗ ಸುತ್ತಿ, ವೊಲ್ಲಾರ್ ಅನ್ನೋ ಯುವ ವ್ಯಾಪಾರಿಗೆ ಕಳಿಸಿದ. 1895ರಲ್ಲಿ ಪ್ಯಾರಿಸ್‌ನ ಪುಟ್ಟ ಅಂಗಡಿಯಲ್ಲಿ ಆತನ ಮೊದಲ ಒಂಟಿ ಪ್ರದರ್ಶನ, 56ನೇ ವಯಸ್ಸಿಗೆ. ಹಳೇ ಗೆಳೆಯರು ನೋಡಿ ದಂಗಾದ್ರು. ಪೇರಳೆ ಹಣ್ಣಿನ ಒಂದು ಜಲವರ್ಣಕ್ಕೆ ದೆಗಾ ಮತ್ತು ರೆನ್ವಾ ಚೀಟಿ ಎತ್ತಿದ್ರು. ಗೆದ್ದವನು ದೆಗಾ.

ಇಷ್ಟಾದ್ಮೇಲೂ ಆತ ಬದಲಾಗಲಿಲ್ಲ. 1899ರಲ್ಲಿ ವೊಲ್ಲಾರ್‌ನನ್ನೇ ಮುಂದೆ ಕೂರಿಸಿಕೊಂಡ, ಸೇಬಿನ ಹಾಗೆ ಅಲ್ಲಾಡದೆ ಕೂತಿರಬೇಕು ಅಂತ ತಾಕೀತು ಬೇರೆ. ವೊಲ್ಲಾರ್ ಬರೆದಿಟ್ಟ ಲೆಕ್ಕದಲ್ಲಿ 115 ಸಲ ಕೂತಿದ್ದಾಯ್ತು. ಕೊನೆಗೆ ಸೆಜಾನ್‌ಗೆ ಪರವಾಗಿಲ್ಲ ಅನ್ನಿಸಿದ್ದು ಶರ್ಟಿನ ಎದೆಭಾಗ ಮಾತ್ರ. ಕೈಯಲ್ಲಿ ಎರಡು ಚುಕ್ಕೆಯಷ್ಟು ಜಾಗ ಖಾಲಿ ಉಳಿದಿತ್ತು. ಅಲ್ಲಿ ತಪ್ಪು ಬಣ್ಣ ಬಿದ್ರೆ ಇಡೀ ಚಿತ್ರ ಮತ್ತೆ ಶುರು ಮಾಡಬೇಕಾಗುತ್ತೆ ಅನ್ನೋ ಭಯ ಆತನಿಗೆ. ಹಾಗೇ ಬಿಟ್ಟ.

1906ರ ಅಕ್ಟೋಬರ್‌ನಲ್ಲಿ ಬಯಲಲ್ಲಿ ಚಿತ್ರ ಬಿಡಿಸ್ತಿದ್ದಾಗ ಮಳೆಗೆ ಸಿಕ್ಕಿ ದಾರಿಯಲ್ಲಿ ಕುಸಿದು ಬಿದ್ದ. ಗಾಡಿಯಲ್ಲಿ ಮನೆಗೆ ತಂದ್ರು. ಮಾರನೇ ದಿನ ಬೆಳಿಗ್ಗೆ ಎದ್ದು ಮತ್ತೆ ಕೆಲಸಕ್ಕೆ ಹೋದ. ಸುಮಾರು ಒಂದು ವಾರಕ್ಕೆ ತೀರಿಕೊಂಡ. ಏಕ್ಸ್‌ನಲ್ಲಿ ಆತನ ಸ್ಟುಡಿಯೋ ಈಗಲೂ ಇದೆ. ಚಿತ್ರಗಳಲ್ಲಿ ಕಾಣೋ ಜಾಡಿಗಳು, ಪ್ಲಾಸ್ಟರಿನ ಪುಟ್ಟ ಮನ್ಮಥ, ಎಲ್ಲಾ ಅಲ್ಲೇ ಕಪಾಟಿನ ಮೇಲಿವೆ.