ಹೂಲಿಯ ಗುಡಿ, ಹೆನ್ರಿ ಕಸೆನ್ಸ್ ಮತ್ತು ತಲೆಕೆಳಗಾದ ಚಿತ್ರ

ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡ ಹತ್ತುವ ಲಕ್ಷಾಂತರ ಜನರಲ್ಲಿ ಹೂಲಿಯ ಕಡೆ ಹೊರಳುವವರು ಬಾಳ ಕಡಿಮೆ. ಸವದತ್ತಿಗೆ ಹತ್ತಿರವೇ ಇರುವ ಈ ಊರಲ್ಲಿ ಹಳೇ ಕಲ್ಲುಗುಡಿಗಳ ಒಂದು ಹಿಂಡೇ ಇದೆ. ಪಂಚಲಿಂಗೇಶ್ವರ ಅವುಗಳಲ್ಲಿ ಹೆಸರಾದದ್ದು. ಅತ್ತ ಕಿತ್ತೂರಿನ ಪಕ್ಕದ ದೇಗಾವಿಯಲ್ಲಿ ಗೋವಾ ಕದಂಬರ ಕಾಲದ ಕಮಲನಾರಾಯಣ ಗುಡಿ ಇದೆ. ಹೊರಗಿನ ವಿದ್ವಾಂಸರು ಇವೆರಡನ್ನೂ ನೋಡಿದ್ದು ಹೆಚ್ಚಾಗಿ ಒಂದೇ ಪುಸ್ತಕದ ಮೂಲಕ. ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪದ ಬಗ್ಗೆ 1926ರಲ್ಲಿ ಬಂದ ಆ ಪುಸ್ತಕ ಹೆನ್ರಿ ಕಸೆನ್ಸ್ ಬರೆದದ್ದು.

ಕಸೆನ್ಸ್ ಹುಟ್ಟಿದ್ದು 1854ರಲ್ಲಿ. ಆತ ದೊಡ್ಡ ಫೋಟೊ ಕಲಾವಿದ ಅಂತ ಯಾರೂ ಹೇಳಿಲ್ಲ, ಆತನೂ ಹೇಳಿಕೊಂಡಂತಿಲ್ಲ. ಪಶ್ಚಿಮ ಭಾರತದ ಪುರಾತತ್ವ ಸಮೀಕ್ಷೆಯಲ್ಲಿ ಜೇಮ್ಸ್ ಬರ್ಜೆಸ್ ಕೈಕೆಳಗೆ ಸಹಾಯಕನಾಗಿದ್ದ ನೌಕರ. ಬರ್ಜೆಸ್ 1874ರಲ್ಲಿ ತನ್ನ ಮೊದಲ ಹಂಗಾಮಿನ ಕೆಲಸಕ್ಕೆ ಆರಿಸಿಕೊಂಡದ್ದೇ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳನ್ನು. ಮುಂದೆ ಆ ಸಮೀಕ್ಷೆಯ ಹೊಣೆ ಕಸೆನ್ಸ್ ಹೆಗಲಿಗೆ ಬಂತು. 1910ರಲ್ಲಿ ನಿವೃತ್ತನಾಗುವ ತನಕ ಅದೇ ಕೆಲಸ.

ಈತನಿಗಿಂತ ಮುಂಚೆ ಇಲ್ಲಿ ಕ್ಯಾಮೆರಾ ಬಂದಿರಲಿಲ್ಲ ಅಂತಲ್ಲ. ಫಿರಂಗಿ ದಳದ ಅಧಿಕಾರಿ ಬಿಗ್ಸ್ 1855ರಲ್ಲೇ ಬಿಜಾಪುರ, ಐಹೊಳೆ ಕಡೆ ಕಾಗದದ ನೆಗೆಟಿವ್ ಹಿಡಿದು ತಿರುಗಿದ್ದ. ಅವನ ನಂತರ ಡಾಕ್ಟರ್ ಪಿಗೂ ಬಂದ. ಅವರ ಚಿತ್ರಗಳು 1866ರಲ್ಲಿ ಪುಸ್ತಕವಾಗಿಯೂ ಬಂದವು. ಆದರೆ ಬಿಗ್ಸ್ ಸ್ವಲ್ಪ ದಿನದಲ್ಲೇ ತನ್ನ ದಳಕ್ಕೆ ವಾಪಸ್ ಹೋದ. ಕಸೆನ್ಸ್ ಮಾತ್ರ ವರ್ಷ ವರ್ಷವೂ ಅದನ್ನೇ ಮಾಡುತ್ತ ಉಳಿದ. ನನಗೆ ಆತನ ಬದುಕಿನಲ್ಲಿ ಮುಖ್ಯ ಅನಿಸುವುದು ಇದೇ.

ಸಮೀಕ್ಷೆಯ ಕೆಲಸಕ್ಕೆ ಒಕ್ಕಲುತನದ ಹಾಗೇ ಹಂಗಾಮು ಇತ್ತು. ಚಳಿಗಾಲ, ಬೇಸಿಗೆ ಊರೂರು ತಿರುಗಾಟ, ಡೇರೆ, ಅಳತೆ, ಫೋಟೊ. ಮಳೆ ಹಿಡಿದರೆ ಪುಣೆಯ ಕಚೇರಿಯಲ್ಲಿ ಕುಂತು ನಕಾಶೆ ಬರೆಯೋದು, ಪ್ರಿಂಟ್ ತೆಗೆಯೋದು, ವರದಿ ಮಾಡೋದು. ಬಿಸಿಲಲ್ಲಿ ಮಾಡಿದ ತಪ್ಪು ಮಳೆಯಲ್ಲಿ ಮೇಜಿನ ಮೇಲೆ ಕಾಣುತ್ತದೆ. ಮುಂದಿನ ಹಂಗಾಮಿಗೆ ಅದನ್ನು ತಿದ್ದಿಕೊಳ್ಳಬೇಕು. ಇಂಥ ಸುತ್ತು ಹತ್ತಿಪ್ಪತ್ತು ಸಲ ಆದರೆ ಕಣ್ಣು ತಾನಾಗಿಯೇ ಪಳಗುತ್ತದೆ.

ಆ ಕಾಲದ ಕ್ಯಾಮೆರಾ ಕೂಡ ಒಂದು ಮಾಸ್ತರು ಇದ್ದಂಗೆ. ಕರೀ ಬಟ್ಟೆ ಹೊದ್ದು ಹಿಂದಿನ ಮಸುಕು ಗಾಜು ನೋಡಿದರೆ ಗುಡಿ ತಲೆಕೆಳಗಾಗಿ ಕಾಣುತ್ತದೆ. ಆಗ ಅದು ಗುಡಿ ಅನ್ನೋದೇ ಮರೆತುಹೋಗಿ ಬರೀ ಗೆರೆ, ನೆರಳು, ಖಾಲಿ ಜಾಗ ಉಳಿಯುತ್ತವೆ. ಗಾಜಿನ ತಟ್ಟೆಗಳು ಭಾರ, ಎಣಿಸಿ ಒಯ್ಯಬೇಕು, ದಾರಿಯಲ್ಲಿ ಒಡೆದರೆ ಮುಗೀತು. ಹೀಗಾಗಿ ಮೊದಲು ಸುತ್ತು ಹಾಕು, ಬಿಸಿಲು ಎಲ್ಲಿ ಬೀಳುತ್ತೆ ನೋಡು, ಆಮೇಲೆ ಕಾಲು ಊರು. ಕಸೆನ್ಸ್‌ಗೆ ನಕಾಶೆಯೂ ಗೊತ್ತಿತ್ತು. ಅಳತೆಪಟ್ಟಿ ಹಿಡಿದು ಒಂದು ಗೋಡೆಯನ್ನು ಅಂಗುಲ ಅಂಗುಲ ಅಳೆದವನಿಗೆ ಆ ಗೋಡೆಯ ಯಾವ ಮೂಲೆ ಮಾತಾಡುತ್ತದೆ ಅನ್ನೋದು ಲೆನ್ಸಿಗಿಂತ ಮೊದಲೇ ತಿಳಿದಿರುತ್ತದೆ.

ದೇಗಾವಿಯನ್ನೇ ತಗೊಳ್ಳಿ. ಮೂರು ಗರ್ಭಗುಡಿ ಒಂದೇ ಸಾಲಿನಲ್ಲಿವೆ. ಕಟ್ಟಡ ಉದ್ದ, ಎತ್ತರ ಕಮ್ಮಿ. ನಟ್ಟನಡುವೆ ಎದುರು ನಿಂತು ತೆಗೆದರೆ ಬೇಲಿಯ ಹಾಗೆ ಚಪ್ಪಟೆ ಆಗುತ್ತದೆ. ಮೂಲೆಗೆ ಸರಿದು ನಿಂತರೆ ಮಾತ್ರ ಕಂಬಗಳು ಒಂದರ ಹಿಂದೊಂದು ಹೋಗಿ ಆಳ ಹುಟ್ಟುತ್ತದೆ. ನಿಮ್ಮ ಮೊಬೈಲಿನಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತೆಗೆದು ನೋಡಿ.

ಆದರೆ ಆತ ಸಾಹೇಬನೇ. ಸಮೀಕ್ಷೆಯ ಚೌಕಟ್ಟಿಗೆ ಕಲ್ಲು ಬೇಕಿತ್ತು, ಕಲ್ಲಿನ ಸುತ್ತಲಿನ ಊರು ಬೇಕಿರಲಿಲ್ಲ. ಪೂಜೆ, ಜಾತ್ರೆ, ಕಟ್ಟೆಯ ಮೇಲಿನ ಹರಟೆ ಎಲ್ಲ ಹೊರಗುಳಿದವು. ನಮ್ಮ ಪ್ರವಾಸೋದ್ಯಮದ ಪೋಸ್ಟರುಗಳು ಇವತ್ತೂ ಅದೇ ಖಾಲಿ ಗುಡಿಯನ್ನೇ ಅದೇ ಮೂಲೆಯಿಂದ ತೋರಿಸುತ್ತವೆ. ಅವನ ಶಿಸ್ತು ಬಿಟ್ಟು ಅವನ ಕುರುಡನ್ನು ಮಾತ್ರ ಎತ್ತಿಕೊಂಡಿದ್ದೇವೆ.

ಕಸೆನ್ಸ್‌ನ ದೊಡ್ಡ ಪುಸ್ತಕಗಳೆಲ್ಲ ಬಂದದ್ದು ನಿವೃತ್ತಿಯ ನಂತರ. 1916ರಲ್ಲಿ ಬಿಜಾಪುರ, 1926ರಲ್ಲಿ ನಮ್ಮ ಜಿಲ್ಲೆಗಳು, 1929ರಲ್ಲಿ ಸಿಂಧ್, 1931ರಲ್ಲಿ ದಖ್ಖನಿನ ಮಧ್ಯಯುಗದ ಗುಡಿಗಳು. ಆಗ ಆತನಿಗೆ 77ರ ಆಸುಪಾಸು. ಮುಂದೆ ಬಾಳ ದಿನ ಬದುಕಲಿಲ್ಲ. ಆ ಕಾಲದ ಸಮೀಕ್ಷೆ ಚಿತ್ರಗಳಲ್ಲಿ ಗೋಡೆಯ ಪಕ್ಕ ಒಬ್ಬ ಮನುಷ್ಯನನ್ನು ಎತ್ತರ ತಿಳಿಯಲಿ ಅಂತ ನಿಲ್ಲಿಸುತ್ತಿದ್ದರು. ಗುಡಿಯ ಹೆಸರು, ಊರಿನ ಹೆಸರು ಅಡಿಬರಹದಲ್ಲಿ ಇರುತ್ತಿದ್ದವು. ಅಲುಗಾಡದೆ ನಿಂತಿದ್ದ ಅವನ ಹೆಸರನ್ನು ಬರೆದುಕೊಳ್ಳುವ ರೂಢಿ ಇರಲಿಲ್ಲ.